ಉಣ್ಣದೆ ನೀರಿಗಿಳಿಯುವ ಯಮನಪ್ಪ

ನೀರಿಗೆ ಇಳಿಯೋ ದಿನ ಯಮನಪ್ಪ ಒಂದು ತುತ್ತು ಬಾಯಿಗೆ ಹಾಕತಿರಲಿಲ್ಲ. ಹಾಕಿದ್ರ ಹೊಟ್ಟ್ಯಾಗ ನಿಲ್ಲತಿರಲಿಲ್ಲ. ಮುಂಜಾನೆ ಬಂದವನೇ ಬೂದಿ ಬಡದಂಥ ಮಾರಿ ಮಾಡಕೊಂಡು ಖಣಿ ದಂಡಿಮ್ಯಾಲ ಕೂಡತಿದ್ದ. ಎದ್ದು ದೊಡ್ಡ ಬಂಡೆ ಹಿಂದ ಹೋಗಿ ಬರತಿದ್ದ. ಬಂದು ಕೂತು, ಮತ್ತ ಬಂಡೆ ಹಿಂದ. ಮಂದೀನ ನೀರಾಗ ಕರಕೊಂಡು ಹೋಗಿ, ಕೆಳಗ ಏನೈತಿ ತೋರಿಸಿ, ಜೀವಂತ ಮ್ಯಾಲ ತರೋದು ಅವನ ಕಸಬು. ನಾ ನೋಡಿದ ಗಂಡಸರೊಳಗ ಅವನಷ್ಟು ಅಂಜೂ ಮನಷ್ಯಾ ಮತ್ತೊಬ್ಬ ಇಲ್ಲ.

ಇಳಕಲ್ಲಿನ ಹೊರಗ ಕೆಂಪು ಕಲ್ಲಿನ ಹಳೇ ಖಣಿ ಐತಿ. ನನ್ನ ಗಂಡ ಅದರಾಗ ಕಲ್ಲಿಗೆ ತೂತು ಹೊಡದು ಹೊಡದು ಕೆಮ್ಮಿ ಸತ್ತ. ಮುಂದ ಕೆಲಸ ನಿಂತು, ಮಳಿನೀರು ಸೆಲಿನೀರು ಕೂಡಿ ಖಣಿ ತುಂಬಿತು. ಲಾರಿ ಇಳಿಯೋ ದಾರಿ ಹಂಗ ನೀರಿನೊಳಗ ಇಳದು ಹೋಗೇತಿ. ಕಲ್ಲು ಕಡದು ಆದ ದೊಡ್ಡ ದೊಡ್ಡ ಮೆಟ್ಟಲು, ಒಂದರ ಕೆಳಗೊಂದು. ನೀರು ಭಾಳ ತಿಳಿ. ಹೊತ್ತು ನೆತ್ತಿಮ್ಯಾಲ ಇದ್ದಾಗ ಎರಡನೇ ಮೆಟ್ಟಲತನಾ ಕಾಣತೈತಿ. ಅದರ ಕೆಳಗ ಹಸರು. ಅದರ ಕೆಳಗ ಕರಿ. ನನ್ನ ಮನಿ ಖಣಿಗೆ ಹತ್ತಿ ಐತಿ. ಎಮ್ಮಿ ಮೈ ತೊಳಿಯಾಕ ಹೋದವರು ಆ ನೀರಾಗ ಸತ್ತದ್ದು ನಾ ಕಂಡೀನಿ. ಅದಕ್ಕ ನಾ ಅದರಾಗ ಕಾಲು ಸುದ್ದಾ ಇಡತಿರಲಿಲ್ಲ.

ಅಂಥಾದ್ರಾಗ ಇಂವ ಬಂದ. ಕಲಾದಗಿ ಅಂಬಿಗರ ಪೈಕಿ. ಸಣ್ಣಂವ ಇದ್ದಾಗ ಘಟಪ್ರಭಾದಾಗ ಬಲಿ ಬೀಸಿದಾಂವ, ಹರೇದಾಗ ಅಂಡಮಾನಕ್ಕ ಹೋಗಿ ಅಲ್ಲೆ ಸಮುದ್ರದ ದಂಡಿಯಿಂದ ನಡಕೋತ ಮಂದೀನ ನೀರಿನೊಳಗ ಇಳಸೋ ಕೆಲಸ ಕಲತಿದ್ದ. ತಾಯಿಗೆ ಆರಾಮಿಲ್ಲಂತ ಊರಿಗೆ ಬಂದ. ತಾಯಿ ಹೋದ ಮ್ಯಾಲ ಹಿಂದ ಹೋಗಲಿಲ್ಲ. ಖಣಿ ಮಾಲಕನ್ನ ಕೇಳಿ, ಬೆನ್ನಿಗೆ ಕಟ್ಟೋ ಗಾಳಿ ಸಿಲಿಂಡರು, ಕಾಲಿಗೆ ಕಟ್ಟೋ ಬಾತುಕೋಳಿ ಪಾದ, ಕಣ್ಣು ಮೂಗು ಕೂಡೇ ಮುಚ್ಚೋ ಗಾಜು, ಎಲ್ಲಾ ತಂದು ಇಲ್ಲೆ ಶುರು ಮಾಡಿದ. ಒಂದು ಸಲಕ್ಕ ಒಬ್ಬರು ಅಷ್ಟ. ಹೊಸಬರಿದ್ರ ಕೈ ಹಿಡಕೊಂಡು ಮೊದಲನೇ ಮೆಟ್ಟಲತನಾ. ಕಲತು ಕಾರ್ಡು ಮಾಡಿಸಿಕೊಂಡವರಿದ್ರ ಇನ್ನೂ ಕೆಳಗ. ಬಾಗಲಕೋಟಿಯಿಂದ, ಹುಬ್ಬಳ್ಳಿಯಿಂದ, ದೂರ ಪುಣೇದಿಂದ ಸುದ್ದಾ ಬರತಿದ್ರು.

"ಹೆಸರು ಬದಲ ಮಾಡಕೊಳ್ಳೋ" ಅಂದೆ ನಾ. "ನೀರಾಗ ಇಳಸಾಂವ ಯಮನಪ್ಪ ಅಂದ್ರ ಯಾರು ಬಂದಾರು?"

"ಮೊದಲ ಹೇಳಿಬಿಟ್ರ ಛಲೋ ಅಲ್ಲೇನು, ಯವ್ವಾ? ಆಮ್ಯಾಲ ತಕರಾರು ಇರೂದಿಲ್ಲ" ಅಂದ.

ದಂಡಿಮ್ಯಾಲ ಕಾವಲಿಗೆ ಅವಗ ಒಬ್ಬರು ಬೇಕಾಗಿತ್ತು. ಊರಾಗಿನ ಹರೇದವರನ್ನ ಕುಂಡ್ರಿಸಿ ನೋಡಿದ. ಅವರು ಮೊಬೈಲು ನೋಡಕೋತ ಕೂತ್ರು. ಒಂದು ದಿವಸ ನಾ ದೂರ ನಿಂತು ಕೊರಳಾಗಿನ ಲಿಂಗ ಮುಷ್ಟ್ಯಾಗ ಹಿಡಕೊಂಡು, ಅಂವ ಮ್ಯಾಲ ಬರೂತನಾ ಶಿವಾ ಶಿವಾ ಅನಕೋತ ನಿಂತಿದ್ದೆ. ಅಂವ ಮ್ಯಾಲ ಬಂದು ನನ್ನ ಮಾರಿ ನೋಡಿದ.

"ಯವ್ವಾ, ನಾಳಿಂದ ನೀನ ಕೂಡು."

"ನನಗ ಅಂಜಿಕಿ ಬರತೈತೋ, ಮೂಳಾ."

"ಅದಕ್ಕ ಕೇಳಾಕತ್ತೀನಿ. ಅಂಜೂ ಮಂದಿ ಕಣ್ಣು ತಗಿಯೂದಿಲ್ಲ."

ಕೆಲಸ ಇಷ್ಟ. ಕೆಳಗ ಹೋದವರ ಉಸಿರು ಗುಳ್ಳಿ ಗುಳ್ಳಿಯಾಗಿ ಮ್ಯಾಲ ಬರತೈತಿ. ಇಬ್ಬರು ಹೋದ್ರ ಎರಡು ಸಾಲು ಗುಳ್ಳಿ. ಒಂದು ಸಾಲು ನಿಂತ್ರ ಹಗ್ಗ ಜಗ್ಗಬೇಕು. ಹಗ್ಗದ ಒಂದು ತುದಿ ಯಮನಪ್ಪನ ನಡಕ್ಕ, ಇನ್ನೊಂದು ನನ್ನ ಕೈಯಾಗ. ಎರಡು ಸಾಲು ಕಾಣೂತನಾ ನನಗ ಜೀವ ಇರತಿತ್ತು. ಗಾಳಿ ಬೀಸಿ ನೀರು ಅಲಗ್ಯಾಡಿ ಗುಳ್ಳಿ ಕಾಣದಂಗಾದ್ರ ಕೈಕಾಲು ತಣ್ಣಗಾಗತಿದ್ದೂವು. ಹಂಗ ಸುಮ್ಮಸುಮ್ಮನ ಹಗ್ಗ ಜಗ್ಗಿ ಅವನ್ನ ಎಷ್ಟೋ ಸಲ ಮ್ಯಾಲ ಕರಸೀನಿ. ಒಂದು ಸಲಾನೂ ಬೈಯಲಿಲ್ಲ. "ಜಗ್ಗಿದ್ದು ಛಲೋ ಆತು" ಅಂದು ಮತ್ತ ಇಳಿತಿದ್ದ.

ಅವನ ಚಟಾ ನನಗ ಎಲ್ಲಾ ಸೇರತಿರಲಿಲ್ಲ. ಗಾಜಿನೊಳಗ ಥೂ ಅಂತ ಉಗುಳಿ, ತೊಳದು, ಅದನ್ನ ಮಾರಿಗೆ ಹಾಕ್ಕೊಳತಿದ್ದ. ಉಗುಳದಿದ್ರ ಗಾಜು ಮಸಕಾಗತೈತಂತ. ಶೆಟ್ಟರ ಮನಿ ಸೊಸಿ ಒಬ್ಬಾಕಿ ಬಂದಾಗ ಆಕಿಗೂ ಉಗುಳಾಕ ಹಚ್ಚಿದ. ಆಕಿ ಬಾಯಿ ಒಣಗಿ ಉಗುಳು ಬರವಲ್ದು. "ಬಾಯಿ ಒಣಗೇತಿ ಅಂದ್ರ ತಂಗಿ ತಯಾರ ಅದಾಳ" ಅಂತ ಖುಷಿಪಟ್ಟ.

ಯಾರ ಬರಲಿ, ಮೊದಲ ಒಂದು ಮಾತು ಕೇಳತಿದ್ದ: "ಅಂಜಿಕಿ ಐತೇನ್ರಿ?" ಐತಿ ಅಂದವರನ್ನ ಕರಕೊಂಡು ಹೋಗತಿದ್ದ. ಇಲ್ಲ ಅಂದವರಿಗೆ ಚಾ ಕುಡಿಸಿ ಕಳಸತಿದ್ದ. ಎರಡನೇ ಮಾತು: "ಏನರ ಆಗಲಿ, ಉಸಿರು ಹಿಡೀಬ್ಯಾಡ್ರಿ. ಬಿಡಕೋತ ಇರ್ರಿ." ಇದನ್ನ ಅಷ್ಟು ಸಲ ಹೇಳತಿದ್ದ, ನನ್ನ ಆಡು ಸುದ್ದಾ ಕೇಳಿ ಬ್ಯಾಸತ್ತಿದ್ದೂವು.

ಹುಬ್ಬಳ್ಳಿಯಿಂದ ಗಂಡ ಹೆಂಡತಿ ಬಂದಿದ್ರು. ಇಬ್ಬರ ಕಡೆನೂ ಕಾರ್ಡು. ಗಂಡ ಎತ್ತರದ ಆಸಾಮಿ. "ನಮಗೇನ್ ಅಂಜಿಕಿ? ಸಮುದ್ರಾನ ನೋಡೇವಿ" ಅಂದ.

"ಹಂಗಾರ ಚಾ ತಗೋರಿ, ಸರ."

"ಅಂದ್ರ?"

"ಚಾ ಕುಡದು ಆರಾಮ ಊರಿಗೆ ಹೋಗ್ರಿ ಅಂದೆ."

ಅಂವ ಸಿಟ್ಟಾದ. ಇಷ್ಟು ದೂರ ಬಂದೇವಿ, ಹಂಗ ಹಿಂಗ ಅಂದ. ಹೆಂಡತಿ ಸಣ್ಣ ದನಿಲೆ, "ನನಗೈತ್ರಿ" ಅಂದಳು. "ಬರ್ರಿ ಅಕ್ಕಾರ" ಅಂತ ಆಕಿನ್ನ ಕರಕೊಂಡು ಇಳದ. ಗಂಡ ನನ್ನ ಬಾಜೂಕ ಕೂತ. ಮೊದಲ ಗುರುಗುಟ್ಟಿದ. ಹೆಂಡತಿ ತಲಿ ನೀರಾಗ ಮರಿಯಾಗಿ, ಗುಳ್ಳಿ ಅಷ್ಟ ಉಳದ ಮ್ಯಾಲ ಮುಂದಕ್ಕ ಬಗ್ಗಿ ನೀರು ನೋಡಾಕ ಹತ್ತಿದ. ಸ್ವಲ್ಪು ಹೊತ್ತಿಗೆ, "ಆಯಿ, ಅದು ಯಾರ ಗುಳ್ಳಿ?" ಅಂದ. "ನಿನ್ನ ಹೆಂಡತೀದು." "ಯಾಕ ಸಣ್ಣಾಗ್ಯಾವ?" "ಸಣ್ಣಾಗಿಲ್ಲ, ನೋಡು." ಮತ್ತ ಸ್ವಲ್ಪು ಹೊತ್ತಿಗೆ ನನ್ನ ಸೆರಗು ಹಿಡಕೊಂಡಿದ್ದ. ಹೆಂಡತಿ ನಗಕೋತ ಮ್ಯಾಲ ಬಂದಾಗ ಇವನ ಮಾರಿ ಸುಣ್ಣ ಬಳದಂಗ ಆಗಿತ್ತು. ಯಮನಪ್ಪ ಅವನ ಮಾರಿ ನೋಡಿ ಕೈ ಮುಂದ ಮಾಡಿದ. "ಬರ್ರಿ ಸರ. ಈಗ ನಿಮ್ಮ ಪಾಳಿ."

ನನ್ನ ಮಗಳ ಮಗಳು ಸಾವಿತ್ರಿ ನನ್ನ ಕಡೆ ಇರತಾಳ. ತಾಯಿ ಗುಳೇದಗುಡ್ಡದಾಗ ಕುಬಸದ ಖಣ ನೇಯ್ತಾಳ, ಇಕಿ ಇಳಕಲ್ಲ ಸೀರಿ ಅಂಗಡ್ಯಾಗ ಕೆಲಸಕ್ಕ ಹೋಗತಾಳ. ದಿನಾ ನೋಡಿ ನೋಡಿ ಆಕಿಗೂ ಹುಚ್ಚು ಹಿಡೀತು, ನಾನೂ ಇಳಿತೇನಿ ಅಂತ. ನಾ ಬ್ಯಾಡ ಅಂದೆ. ಅತ್ತು ಕೂತೆ, ಬೈದೆ. ಕೇಳಲಿಲ್ಲ. "ಅಂಜಿಕಿ ಐತೇನು ತಂಗಿ?" ಅಂತ ಯಮನಪ್ಪ ಕೇಳಿದಾಗ, "ಐತಿ ಕಾಕಾ" ಅಂದಳು. ಸುಳ್ಳು ಹೇಳಿದ್ದಳು. ಅವತ್ತು ಆಕಿ ಮಾರಿಮ್ಯಾಲ ಅಂಜಿಕಿ ಅನ್ನೂದು ಎಳ್ಳಷ್ಟು ಇರಲಿಲ್ಲ. ನಾ ನೋಡಿದ್ದೆ.

ನಾಕೈದು ದಿನ ಮೊದಲನೇ ಮೆಟ್ಟಲ ಆಗಿ, ಒಂದು ದಿನ ಎರಡನೇದಕ್ಕ ಹೋದ್ರು. ಹೊತ್ತು ನೆತ್ತಿಮ್ಯಾಲ ಇತ್ತು, ಕೆಳಗ ಇಬ್ಬರೂ ಕಾಣತಿದ್ರು. ಎರಡು ಸಾಲು ಗುಳ್ಳಿ. ಒಮ್ಮೆಲೆ ಸಾವಿತ್ರಿ ಮಾರಿಗೆ ಕೈ ಹಚ್ಚಿದಳು. ಗಾಜಿನೊಳಗ ನೀರು ಹೊಕ್ಕಿತ್ತಂತ. ಯಮನಪ್ಪನ ಕೈ ಕೊಸರಿಕೊಂಡು ಕಾಲು ಬಡಕೋತ ಮ್ಯಾಲ ಬರಾಕ ಹತ್ತಿದಳು. ಆಕಿ ಗುಳ್ಳಿ ನಿಂತೂವು. ನಾ ಹಗ್ಗ ಮರತೆ. ಆಗ ನೋಡಿದೆ, ಯಮನಪ್ಪ ಕೆಳಗಿಂದ ಆಕಿ ಕಾಲು ಹಿಡದು ಜಗ್ಗಾಕ ಹತ್ತಿದ್ದ. ಮ್ಯಾಲಲ್ಲ, ಕೆಳಗ. ಹುಡುಗಿ ಮ್ಯಾಲ ಬರಾಕ ಒದ್ಯಾಡತಾಳ, ಇಂವ ಕೆಳಗ ಎಳಿತಾನ. ಹೊಟ್ಟಿಗೆ ಗುದ್ದಿದ. ನನ್ನ ಕಣ್ಣಮುಂದ ನನ್ನ ಮೊಮ್ಮಗಳನ್ನ ಕೊಲ್ಲಾಕತ್ಯಾನ ಅಂತ ನನಗ ಖರೆ ಅನಿಸಿತು. ಚೀರಿದೆ.

ಖಣ್ಯಾಗ ಕಲ್ಲಿಗೇನು ಬರ. ಕಾಲಾಗ ಬಿದ್ದಿದ್ದ ಕಲ್ಲೊಂದು ತಗೊಂಡೆ. ಅಷ್ಟೊತ್ತಿಗೆ ಕುದಿಯೋ ಎಸರಿನಂಗ ಆಕಿ ಬಾಯಿಂದ ಗುಳ್ಳಿ ಬುಸುಬುಸು ಬಂದೂವು. ಇಬ್ಬರೂ ಸಾವಕಾಶ ಮ್ಯಾಲ ಬಂದ್ರು. ಅವನ ತಲಿ ನೀರಿನ ಹೊರಗ ಬಂದದ್ದ ತಡ, ಒಗದೆ. ಹುಬ್ಬಿನ ಮ್ಯಾಲ ಬಿತ್ತು. ರಕ್ತ ಹರೀತು.

"ಯವ್ವಾ, ಮೊದಲ ಮೊಮ್ಮಗಳ ನೋಡು. ಎರಡನೇ ಕಲ್ಲು ಆಮ್ಯಾಲ ಒಗಿವಂತಿ" ಅಂದ.

ಸಾವಿತ್ರಿ ಕೆಮ್ಮಿದಳು, ಅತ್ತಳು. ಜೀವ ಇತ್ತು. ಆಕಿನ್ನ ಕುಂಡ್ರಿಸಿ, ನನ್ನ ಸೆರಗಿಲೆ ಹುಬ್ಬು ಒತ್ತಿ ಹಿಡಕೊಂಡು ಅಂವ ಹೇಳಿದ. ಕೆಳಗ ಎದಿತುಂಬ ಎಳಕೊಂಡ ಗಾಳಿ, ಮ್ಯಾಲ ಬಂದಂಗೆಲ್ಲಾ ಹಿಗ್ಗತೈತಂತ. ಬಾಯಿ ಬಿಗಿ ಹಿಡದು ಜೋರಲೆ ಮ್ಯಾಲ ಬಂದ್ರ ಒಳಗ ಪುಪ್ಪುಸ ಹರೀತೈತಂತ. ಅದಕ್ಕ ಕಾಲು ಹಿಡದು ತಡದು, ಗುದ್ದಿ ಉಸಿರು ಬಿಡಿಸಿದ್ದ.

"ಅದನ್ನ ಮೊದಲ ನನಗ್ಯಾಕ ಹೇಳಲಿಲ್ಲೋ?"

"ದಿನಾ ಹೇಳೀನಿ. ಉಸಿರು ಹಿಡೀಬ್ಯಾಡ್ರಿ ಅಂತ."

ಆಮ್ಯಾಲ ಎದ್ದು ಬಂಡೆ ಹಿಂದ ಹೋದ. ಬರದ ಇದ್ದದ್ದಕ್ಕ ಹೋಗಿ ನೋಡಿದೆ. ಖಾಲಿ ಹೊಟ್ಟಿಲೆ ವಾಂತಿ ಮಾಡಾಕ ಹತ್ತಿದ್ದ. "ನಿನ್ನ ಕಲ್ಲಿಗಲ್ಲ ಯವ್ವಾ" ಅಂದ. "ಆಕಿ ಕಾಲು ಒಂದು ಸಲ ನನ್ನ ಕೈಯಿಂದ ಜಾರಿತ್ತು. ನೀ ನೋಡಲಿಲ್ಲ."

ನಾ ನೋಡಿರಲಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದ್ರ ಆ ಕಾಲು ಜಾರತೈತಿ.

ಇನ್ನ ಸಾವಿತ್ರಿ ನೀರಿನ ಹೆಸರು ಎತ್ತೂದಿಲ್ಲ ಅಂದುಕೊಂಡಿದ್ದೆ. ಅವನ ಹುಬ್ಬಿನ ಗಾಯ ಮಾಯೂ ಮೊದಲ ಮತ್ತ ಹೋಗಿ ನಿಂತಳು. ಈ ಸಲ ಬಾಯಿ ಒಣಗಿತ್ತು, ತುಟಿ ಬಿಳಪೇರಿತ್ತು. ಯಮನಪ್ಪ ಕೇಳಲೂ ಇಲ್ಲ, ಕೈ ಹಿಡಕೊಂಡು ಇಳದ. ಹಂಗ ಕಲತು ಕಾರ್ಡೂ ಮಾಡಿಸಿಕೊಂಡಳು. ಮುಂದ ಕೈ ಬಿಟ್ಟು ಅವನ ಬಾಜೂಕ ಹೋಗಾಕ ಹತ್ತಿದಳು. ನನಗ ಮಾತ್ರ ಒಂದು ದಿನಾನೂ ರೂಢಿ ಆಗಲಿಲ್ಲ. ಎರಡು ಸಾಲು ಗುಳ್ಳ್ಯಾಗ ಒಂದು ನನ್ನ ಮನೀದು.

ಖಣಿ ತಳದಾಗ ಹಳೇ ಕ್ರೇನು ಮುಳುಗಿ ಬಿದ್ದೈತಿ. ಅದನ್ನ ಆಕಿಗೆ ತೋರಿಸೋದು ಅಂತ ಆತು. ತಳ ಅಂದ್ರ ಕರಿ ನೀರು. ನಾ ರಾತ್ರಿಯೆಲ್ಲಾ ನಿದ್ದಿ ಮಾಡಲಿಲ್ಲ. ಮುಂಜಾನೆ ಎದ್ದು ರೊಟ್ಟಿ ಬಡದು, ಝುಣಕಾ ಮಾಡಿ, ಶೇಂಗಾ ಚಟ್ನಿ ಕಟಗೊಂಡು ದಂಡಿಗೆ ಹೋದೆ. ಮ್ಯಾಲ ಬಂದ ಕೂಡಲೇ ಅವಗ ಹಸಿವಿ ತಡಿತಿರಲಿಲ್ಲ, ತೊಯ್ದ ಮೈಲೆ ಕೂತು ಗಬಗಬ ತಿಂತಿದ್ದ. ಅದಕ್ಕ ಬುತ್ತಿ ಯಾವಾಗಲೂ ನನ್ನ ಕಡೆ ಇರತಿತ್ತು.

ಅವತ್ತು ಬಂದು ಕೂತ. ಮಾತಾಡಕೋತ ಬುತ್ತಿ ಬಿಚ್ಚಿದ. ತಾಯಿ ಕೈಯಾಗಿನ ಝುಣಕಾ ಹೆಂಗಿರತಿತ್ತು ಅಂತ ಹೇಳಿದ. ನಕ್ಕ. ಒಂದು ರೊಟ್ಟಿ ತಿಂದ. ನಾ ಇನ್ನೊಂದು ಕೊಟ್ಟೆ, ಅದನ್ನೂ ತಿಂದ. ಸಾವಿತ್ರಿ ಸಿಲಿಂಡರು ಕಟಗೊಂಡು ಆಗಲೇ ನಡಮಟ ನೀರಾಗ ನಿಂತು, "ಬರ್ರಿ ಕಾಕಾ" ಅಂತ ಕರೀತಿದ್ದಳು. ಅಂವ ಕೈ ತೊಳಕೊಂಡು ಎದ್ದು ನಡಕ್ಕ ಪಟ್ಟಾ ಕಟ್ಟಿದ. ಹಗ್ಗದ ತುದಿ ನನ್ನ ಕೈಗೆ ಕೊಟ್ಟ. ಕೈ ಬೆಚ್ಚಗಿತ್ತು. ಯಾವಾಗಲೂ ಮಂಜಿನಂಗ ಇರೂ ಕೈ.

ನಾ ಹಗ್ಗ ಜಗ್ಗಿದೆ.

"ಲೇ ಯಮನಪ್ಪಾ, ನೀ ಉಂಡೀಯಲ್ಲೋ!"

ಅಂವ ನಿಂತ. ಖಾಲಿ ಬುತ್ತಿ ಅರಬಿ ನೋಡಿದ. ಹೊಟ್ಟಿಮ್ಯಾಲ ಕೈ ಇಟಗೊಂಡ.

"ಖರೇನ. ಉಂಡೆ."

"ಬಂಡೆ ಹಿಂದ ಹೋಗಿದ್ದೇನು?"

"ಇಲ್ಲ. ಒಳಗ ಏನೂ ಆಗವಲ್ದು, ಯವ್ವಾ. ತಣ್ಣಗೈತಿ."

ಪಟ್ಟಾ ಬಿಚ್ಚಿ ಕೆಳಗ ಹಾಕಿದ. "ಮ್ಯಾಲ ಬಾ ತಂಗಿ."

"ಯಾಕ ಕಾಕಾ? ನನಗ ಅಂಜಿಕಿ ಐತಿ, ದೇವರಾಣಿ ಐತಿ!"

"ನನಗಿಲ್ಲ ತಂಗಿ. ಮ್ಯಾಲ ಬಾ."

ಸಾವಿತ್ರಿ ಸಿಟ್ಟಿಲೆ ಗಾಜು ಕಿತ್ತು ಒಗದಳು. ಅಂವ ಅದನ್ನ ಆರಿಸಿಕೊಂಡು ಬಂದು ದಂಡಿಮ್ಯಾಲ ಕೂತ. ಜ್ವರದವರು ಬೆವರು ಬರಲಿ ಅಂತ ಕಾಯತಾರಲ್ಲ, ಹಂಗ ಅಂಜಿಕಿ ಬರಲಿ ಅಂತ ನೀರು ನೋಡಕೋತ ಕಾಯ್ದ. ಹೊತ್ತು ಇಳೀತು. ಬರಲಿಲ್ಲ. ಮರುದಿವಸ ಬಂದು ಕೂತ. ಅದರ ಮರುದಿವಸ ಸುದ್ದಾ. ದಿನಾ ಛಲೋತ್ನಾಗಿ ಉಣತಿದ್ದ. ಅಂವ ಉಣ್ಣೋದು ನೋಡಿ ನನಗ ತುತ್ತು ಇಳೀತಿರಲಿಲ್ಲ.

ಆ ವಾರ ಸಾಮಾನೆಲ್ಲಾ ಟೆಂಪೋಕ್ಕ ಹಾಕಿದ. "ಅಂಜಿಕಿ ಇದ್ದಾಗ ನಾ ಎಲ್ಲಾ ತಿರುತಿರುಗಿ ನೋಡತಿದ್ದೆ, ಯವ್ವಾ. ಅದು ಇಲ್ಲಂದ್ರ ಆಕಿ ಕಾಲು ಜಾರಿದ್ದು ನನಗ ಗೊತ್ತಾಗೂದಿಲ್ಲ" ಅಂದ. ಸಾವಿತ್ರಿಗೆ ಆ ಗಾಜು ಕೊಟ್ಟು ಕಲಾದಗಿಗೆ ಹೋದ. ಖಣಿಗೆ ಮತ್ತ ಯಾರೂ ಇಳದಿಲ್ಲ.

ಹ್ವಾದ ಬ್ಯಾಸಿಗ್ಯಾಗ ಬನಶಂಕರಿಗೆ ಹೋಗಿದ್ದೆ. ತಿರುಗಿ ಬರುವಾಗ ಬಾದಾಮಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿಭಜಿ ಗಾಡಿ ಕಡೆ ನಿಂತಿದ್ದ. ಚಿಕ್ಕು ಮಾರಾಕ ಬಂದಿದ್ದನಂತ. ಹೊಟ್ಟಿ ಬಂದಿತ್ತು, ಗಲ್ಲ ತುಂಬಿದ್ದೂವು. ಹುಬ್ಬಿನ ಮ್ಯಾಲ ನನ್ನ ಕಲ್ಲಿನ ಗುರುತು ಹಂಗ ಇತ್ತು.

"ಏನೋ, ದಪ್ಪ ಆಗೀಯಲ್ಲ."

"ಎಲ್ಲಾ ದಕ್ಕತೈತಿ ಈಗ, ಯವ್ವಾ." ಭಜಿ ಕೈಗೆ ಕೊಟ್ಟ. "ಸಾವಿತ್ರಿ?"

"ಅದಾಳ. ಗಾಜು ಗ್ವಾಡಿಗೆ ಹಾಕ್ಯಾಳ."

"ಅಂಜಿಕಿ ಬಂತೇನೋ?" ಅಂತ ಕೇಳಿದೆ. ತಲಿ ಅಲ್ಲಾಡಿಸಿ ನಕ್ಕ. ಕಲಾದಗಿ ಕಡೆ ಹೋಗೋ ಗಾಡಿ ರಸ್ತಾದ ಆ ಕಡೆ ನಿಂತಿತ್ತು. "ಬರತೇನಿ ಯವ್ವಾ" ಅಂದವನೇ ರಸ್ತಾಕ್ಕ ಇಳದ. ಆ ಕಡೆ ನೋಡಲಿಲ್ಲ, ಈ ಕಡೆ ನೋಡಲಿಲ್ಲ. ಬಸ್ಸು ಹಾರನ್ ಹೊಡಕೋತ ಬಂತು, ಅದರ ಹಿಂದ ಕಬ್ಬಿನ ಟ್ರ್ಯಾಕ್ಟರ್. ಅಂವ ತ್ವಾಟದಾಗ ನಡದಂಗ ನಡಕೋತ ಹೋದ. ಬಸ್ಸು ಅಡ್ಡ ಬಂದು ಅಂವ ಕಾಣದಂಗಾದ.

ನನ್ನ ಕೈಯಾಗ ಹಗ್ಗ ಇರಲಿಲ್ಲ. ರಸ್ತಾದ ದಂಡಿಮ್ಯಾಲ ನಿಂತು ಉಸಿರು ಬಿಗಿ ಹಿಡಕೊಂಡು ನೋಡಿದೆ.