ಅತ್ತೆಯ ಮೊಣಕಾಲು, ನನ್ನ ಹಿಮ್ಮಡಿ

ಹೋದ ವಾರ ದೇವರಾಜ ಅರಸು ಬಡಾವಣೆಯ ನೆಂಟರ ಮನೆಗೆ, ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಆಟೊ ಹತ್ತಿದೆ. ಮೊದಲೇ ಕೂತಿದ್ದ ಹೆಂಗಸೊಬ್ಬರ ಸೆರಗಿನಿಂದ ನೋವಿನ ಮುಲಾಮಿನ ವಾಸನೆ ಬಂತು. ಕರ್ಪೂರ, ನೀಲಗಿರಿ, ಅದನ್ನು ಮರೆಮಾಚಲು ಮೇಲಿಷ್ಟು ಪೌಡರು. ಈ ವಾಸನೆ ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಇಬ್ಬರ ಮೈಯಿಂದಲೂ ಇದೇ ವಾಸನೆ ಬರುತ್ತಿತ್ತು. ಹಾಗಾಗಿಯೇ ಒಬ್ಬರದು ಇನ್ನೊಬ್ಬರ ಮೂಗಿಗೆ ತಿಳಿಯುತ್ತಿರಲಿಲ್ಲ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾವೂ ಹಳೇ ಪೇಟೆಯ ಮನೆ ಬಿಟ್ಟು ನಿಜಲಿಂಗಪ್ಪ ಬಡಾವಣೆಗೆ ಆಗಷ್ಟೇ ಬಂದಿದ್ದೆವು. ಮನೆಯವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ನನಗೆ ಹರಿಹರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ. ಹೊಸ ಮನೆಗೆ ಹೊಳೆಯುವ ಕಲ್ಲಿನ ನೆಲ ಹಾಕಿಸಿದ್ದೆವು. ಬಂದವರೆಲ್ಲ ಮುಖ ಕಾಣುತ್ತದೆಂದು ಹೊಗಳಿ ಹೋಗುತ್ತಿದ್ದರು. ಆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದ್ದಕ್ಕೋ, ಬಸ್ಸಿನಲ್ಲೂ ತರಗತಿಯಲ್ಲೂ ನಿಂತೇ ಇರುತ್ತಿದ್ದುದಕ್ಕೋ, ನನ್ನ ಎಡ ಹಿಮ್ಮಡಿ ನೋಯತೊಡಗಿತು. ಬೆಳಿಗ್ಗೆ ಎದ್ದು ಕಾಲೂರಿದರೆ ಮೊಳೆ ತುಳಿದಂತಾಗುತ್ತಿತ್ತು. ಗೋಡೆ ಹಿಡಿದು ತುದಿಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದೆ. ಅದನ್ನು ಕಂಡ ನಮ್ಮ ಅತ್ತೆ, ಸೊಸೆ ಬಾಳ ನಯ, ಮಲಗಿದವರಿಗೆ ಎಚ್ಚರ ಆಗದಂಗೆ ಓಡಾಡ್ತಾಳೆ ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಬಂದರು. ತಾನಾಗಿ ಬಂದ ಹೊಗಳಿಕೆಯನ್ನು ತಿದ್ದುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ.

ಅತ್ತೆಯ ದಿನವೆಲ್ಲ ನೆಲದ ಮೇಲೆ. ಬೆಳಿಗ್ಗೆ ಮಣೆ ಹಾಕಿಕೊಂಡು ಲಿಂಗಪೂಜೆ, ಆಮೇಲೆ ಒಲೆ ಕೆಳಗಿಳಿಸಿಕೊಂಡು ಜೋಳದ ರೊಟ್ಟಿ. ಸೊಂಟದ ಮಟ್ಟಕ್ಕೆ ಬರುವ ಅಡುಗೆ ಕಟ್ಟೆ ಕಟ್ಟಿಸಿದ್ದರೂ ರೊಟ್ಟಿಯನ್ನು ಕೂತೇ ಬಡಿಯಬೇಕು ಎನ್ನುವುದು ಅವರ ಕಾನೂನು. ಕೆಳಗಿನಿಂದ ಏಳುವಾಗಲೆಲ್ಲ ಉದ್ದಕ್ಕೆ ಶಿವನೇ ಎನ್ನುತ್ತಿದ್ದರು. ಮೆಟ್ಟಿಲು ಹತ್ತುವಾಗ ಶಿವ, ಇಳಿಯುವಾಗ ಇನ್ನೂ ಜೋರಾಗಿ ಶಿವ. ವಯಸ್ಸಾದಂತೆ ಭಕ್ತಿ ಹೆಚ್ಚುತ್ತಿದೆ ಎಂದುಕೊಂಡು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯ ಮಾಡಿದೆ. ದಾವಣಗೆರೆಯಲ್ಲಿ ಡಾಕ್ಟರುಗಳಿಗೇನೂ ಬರವಿಲ್ಲ. ಆದರೆ ಅಲ್ಲಿನ ಯಾವ ದವಾಖಾನೆಗೆ ಹೋದರೂ ಬೆಂಚಿನ ಮೇಲೆ ನಮ್ಮ ಅಂಗಡಿಯ ಗಿರಾಕಿ ಒಬ್ಬರಾದರೂ ಇರುತ್ತಾರೆ, ಸಂಜೆಯೊಳಗೆ ಸುದ್ದಿ ಗಲ್ಲಾಪೆಟ್ಟಿಗೆ ಮುಟ್ಟುತ್ತದೆ. ಅದಕ್ಕೇ ಹರಿಹರದಲ್ಲೇ ಇದ್ದ ಮೂಳೆ ಡಾಕ್ಟರನ್ನು ಆರಿಸಿಕೊಂಡೆ. ಶಾಲೆಯಲ್ಲಿ ಮೀಟಿಂಗ್ ಇದೆ ಎಂದು ಮನೆಯಲ್ಲಿ ಹೇಳಿದ್ದೆ. ಬಾಗಿಲು ತಳ್ಳಿ ಒಳಗೆ ಹೋದರೆ, ಹರಿಹರೇಶ್ವರನ ದರ್ಶನಕ್ಕೆ ಹೋಗಿ ಬರುತ್ತೇನೆಂದಿದ್ದ ಅತ್ತೆ ಹಣ್ಣುಕಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು.

ಸೆರಗು ಸರಿಮಾಡಿಕೊಂಡು, "ಮೀಟಿಂಗು ಮುಗೀತಾ?" ಎಂದು ಕೇಳಿದರು.

"ದರ್ಶನ ಆತ್ರಾ?" ಎಂದೆ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಇಬ್ಬರನ್ನೂ ಒಟ್ಟಿಗೇ ಕೂರಿಸಿ ನೋಡಿದರು. ನನ್ನ ಅಂಗಾಲಿನ ನರದಂಥ ಪಟ್ಟಿ ಬಿಗಿದು ಊದಿಕೊಂಡಿದೆಯಂತೆ. ಬೆಳಿಗ್ಗೆ ಕಾಲು ಕೆಳಗಿಡುವ ಮೊದಲು ಹಾಸಿಗೆಯ ಮೇಲೇ ಪಾದಕ್ಕೆ ಪಂಚೆ ಸುತ್ತಿ ಬೆರಳುಗಳನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು, ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸಬೇಕು, ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲ ಕೆಳಗೆ ಉರುಳಿಸಬೇಕು. ಅತ್ತೆಯದು ಸವೆದ ಮೊಣಕಾಲು. ನೆಲಕ್ಕೆ ಕೂರುವುದನ್ನು ಬಿಡಬೇಕು, ಆದರೆ ನಡೆಯುವುದನ್ನು ಬಿಡಬಾರದು. ಕುರ್ಚಿಯ ಮೇಲೆ ಕೂತು ಕಾಲನ್ನು ನೇರ ಚಾಚಿ ಹಿಡಿದು ಇಳಿಸುತ್ತಿದ್ದರೆ ತೊಡೆಗೆ ಬಲ ಬಂದು ಮೊಣಕಾಲಿನ ಭಾರ ಇಳಿಯುತ್ತದೆ. ಇನ್ನು ಮನೆಯೊಳಗೂ ಮೆತ್ತನೆಯ ಚಪ್ಪಲಿ, ಇಬ್ಬರಿಗೂ. ಈ ಕೊನೆಯ ಮಾತಿಗೆ ಅತ್ತೆ ಡಾಕ್ಟರನ್ನು ನೋಡಿದ ನೋಟದಲ್ಲಿ ಅವರ ಡಿಗ್ರಿಯ ಬಗ್ಗೆಯೇ ಅನುಮಾನವಿತ್ತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕಾಯುವಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. 

"ನಾನು ಮೂಲ್ಯಾಗೆ ಕುಂತ್ರೆ ರೊಟ್ಟಿ ಬಡಿಯೋರ್ಯಾರು? ನಿನ್ನ ನೌಕರಿ ಬಿಡಿಸ್ತಾರೆ. ಅದಕ್ಕೆ ಸುಮ್ಮಕಿದ್ದೆ" ಎಂದರು.

 ನಾನು ಮುಚ್ಚಿಟ್ಟಿದ್ದೂ ಅದೇ ಭಯಕ್ಕೆ. ಕಾಲು ನೋವು ಎಂದ ತಕ್ಷಣ, ಹಾಗಾದರೆ ಓಡಾಟ ಬಿಡು ಎಂದು ಮೊದಲು ಹೇಳುವವರು ಅತ್ತೆಯೇ ಎಂದುಕೊಂಡಿದ್ದೆ. ಹಾಗಂತ ಹೇಳಿದೆ. ಅವರು ನನ್ನ ಕೈ ಹಿಡಿದು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. ಬಸ್ಸು ಬರುವವರೆಗೆ ತೆಗೆಯಲಿಲ್ಲ.

ಮನೆಗೆ ಬಂದಮೇಲೆ ಎಲ್ಲವೂ ಸಲೀಸಾಯಿತು ಎಂದುಕೊಳ್ಳಬೇಡಿ. ತಂದ ಚಪ್ಪಲಿಗಳನ್ನು ಅತ್ತೆ ಸೋಪು ಹಚ್ಚಿ ತೊಳೆದರು, ಬಿಸಿಲಿಗಿಟ್ಟರು, ಮತ್ತೆ ತೊಳೆದರು. ಅವು ಅಡುಗೆಮನೆಯ ಹೊಸ್ತಿಲು ದಾಟಲು ವಾರಗಳೇ ಹಿಡಿದವು. ಕಟ್ಟೆಯ ಮೇಲೆ ಬಡಿದ ಮೊದಲ ರೊಟ್ಟಿಗಳು ನಕ್ಷೆಯಂತೆ ಅಂಕುಡೊಂಕಾಗಿದ್ದವು, ನಾವು ತಿಂದೆವು. ಕಷ್ಟವಾಗಿದ್ದು ಪೂಜೆ. ಮಣೆಯ ಮುಂದೆ ನಿಂತು, ಕೂರಲೂ ಆಗದೆ ಹೋಗಲೂ ಆಗದೆ, ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಕುರ್ಚಿ ಮ್ಯಾಲೆ ಕುಂತ್ರೆ ಶಿವ ಬ್ಯಾಡ ಅಂತಾನೇನವ್ವ?"

"ಲಿಂಗ ನಿಮ್ಮ ಅಂಗೈಯಾಗೆ ಐತಲ್ರಿ. ನೀವೆಲ್ಲಿ ಕುಂತ್ರೆ ಅವನೂ ಅಲ್ಲೇ ಕುಂತಿರ್ತಾನೆ" ಎಂದೆ. ಅವರು ಕುರ್ಚಿಯನ್ನು ತಾವೇ ಎಳೆದುಕೊಂಡರು.

ದೊಡ್ಡ ಪರೀಕ್ಷೆ ಬಂದದ್ದು ಆವರಗೆರೆಯಿಂದ. ಅಲ್ಲಿದ್ದ ಅತ್ತೆಯ ಅಕ್ಕ ಬಂದವರು, ಅಡುಗೆಮನೆಯಲ್ಲಿ ನನ್ನ ಕಾಲಲ್ಲಿ ಚಪ್ಪಲಿ ಕಂಡು, ಓದಿದ ಸೊಸೆ ತಂದುಕೊಂಡರೆ ಹೀಗೇ ಎಂದು ನನಗೆ ಕೇಳಿಸುವಂತೆಯೇ ಅಂದರು. ನಾನು ಬಿಡಲು ಬಾಗಿದೆ. ಅತ್ತೆ ಬ್ಯಾಡ ಎಂದು ಕೈ ಅಡ್ಡ ಹಿಡಿದರು. ತಮ್ಮ ಚಪ್ಪಲಿ ಬಿಟ್ಟು ಅಕ್ಕನ ಮುಂದೆ ಸರಿಸಿದರು.

"ನೀನು ಬಾಗ್ಲಿಂದ ಇಲ್ಲೀತನ ಹೆಂಗೆ ಬಂದೆ ಅಂತ ನೋಡೀನಿ ಅಕ್ಕ. ಮೆಟ್ಟಿ ನಾಲ್ಕು ಹೆಜ್ಜೆ ಹಾಕು. ಆಮ್ಯಾಲೆ ಬೈ."

ಆಕೆ ಬೈಯುತ್ತಲೇ ಮೆಟ್ಟಿದರು. ಸಂಜೆ ಹೊರಡುವಾಗ ಅವನ್ನು ಕಾಗದದಲ್ಲಿ ಸುತ್ತಿಸಿಕೊಂಡು ಚೀಲದಲ್ಲಿಟ್ಟುಕೊಂಡರು.

ನನ್ನ ಹಿಮ್ಮಡಿ ವರ್ಷ ತುಂಬುವುದರೊಳಗೆ ನೋವು ಮರೆಯಿತು. ಅತ್ತೆಯ ಮೊಣಕಾಲು ಹಾಗೆ ವಾಸಿಯಾಗುವಂಥದ್ದಲ್ಲ, ಅದನ್ನು ಡಾಕ್ಟರು ಮೊದಲೇ ಹೇಳಿದ್ದರು. ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಇಲ್ಲ. ಇಲ್ಲದ ದಿನ ಅವರು ಇವತ್ತು ಆಗಲ್ಲ ಎಂದುಬಿಡುತ್ತಿದ್ದರು. ಅವರ ಮಗ, ಅಂದರೆ ನಮ್ಮ ಮನೆಯವರು, ರೊಟ್ಟಿಗೆ ಹಿಟ್ಟು ಕಲಸಲು ಕಲಿತದ್ದು ಅಂಥ ದಿನಗಳಲ್ಲೇ. ಕೊನೆಯವರೆಗೂ ಅವರು ಸಂಜೆ ಬೀದಿ ಕೊನೆಯ ಮರದವರೆಗೆ ನಡೆದು ಬರುತ್ತಿದ್ದರು. ನಾನು ನಿವೃತ್ತಿಯಾಗುವವರೆಗೂ ಹರಿಹರಕ್ಕೆ ಹೋಗಿಬಂದೆ. ಅತ್ತೆ ಈಗಿಲ್ಲ.

ಹೆಸರಿಡುವ ಮನೆಯಲ್ಲಿ ತೊಟ್ಟಿಲ ಸುತ್ತ ಜಮಖಾನೆ ಹಾಸಿದ್ದರು. ಎಲ್ಲರೂ ಕೆಳಗೆ ಕೂತಿದ್ದರು. ನನಗೀಗ ಅತ್ತೆಯ ಅಂದಿನ ವಯಸ್ಸು, ಹೆಚ್ಚುಕಡಿಮೆ ಅಂಥದ್ದೇ ಮೊಣಕಾಲು. ಪರವಾಗಿಲ್ಲ, ನಿಂತೇ ಇರುತ್ತೇನೆ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಮೊಣಕಾಲು ನೋವೈತೆ, ಕೆಳಗೆ ಕೂರೋಕಾಗಲ್ಲ, ಒಂದು ಕುರ್ಚಿ ಕೊಡ್ರಿ ಎಂದು ನೆಂಟರಿಗೆ ಎಲ್ಲರೆದುರು ಹೇಳಿದೆ. ಜೋಗುಳ ಒಂದು ಗಳಿಗೆ ನಿಂತಿತು. ಕುರ್ಚಿ ಬಂತು, ಕೂತೆ. ಗೋಡೆಗೆ ಒರಗಿ, ಕಾಲು ಮಡಚಲೂ ಚಾಚಲೂ ಆಗದೆ ಒದ್ದಾಡುತ್ತಿದ್ದ ಅಜ್ಜಿಯೊಬ್ಬರು ನನ್ನ ಸೆರಗು ಜಗ್ಗಿದರು.

"ನಂಗೂ ಒಂದು ಹೇಳವ್ವ" ಎಂದರು, ಮೆಲ್ಲಗೆ.

ಎದ್ದು ನನ್ನದನ್ನೇ ಅವರಿಗೆ ಕೊಟ್ಟೆ. ನಾನು ಇನ್ನೊಂದನ್ನು ಕೇಳುವಷ್ಟರಲ್ಲಿ, ತೊಟ್ಟಿಲ ಆಚೆ ಮತ್ತೊಬ್ಬರು ತಮಗೂ ಕುರ್ಚಿ ಬೇಕೆಂದು ಕೇಳುತ್ತಿದ್ದರು.