ಹಗೇವಿನ ಹುಳಿ ವಾಸನೆ

ನನ್ನ ಮೂಗಿನ ಬಗ್ಗೆ ನನಗೆ ಸೊಕ್ಕಿದೆ. ಇದ್ದರೆ ಇರಲಿ, ಬಿಡಿ. ಅದು ಅವ್ವನಿಂದ ಬಂದದ್ದು ಎಂದು ಊರೇ ಹೇಳುತ್ತಿತ್ತು, ನಾನೂ ಹಾಗೇ ನಂಬಿದ್ದೆ.

ಮುದ್ದೇಬಿಹಾಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಗ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ದೊಡ್ಡ ಗುಂಡಿಯಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಯಾರ ಹಗೇವು ತೆಗೆದರೂ ಅವ್ವನಿಗೆ ಕರೆ ಬರುತ್ತಿತ್ತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಕಾದು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಒಬ್ಬರು ಇಳಿಯುತ್ತಿದ್ದರು. ಅವರು ಮೇಲೆ ಕೊಟ್ಟ ಬೊಗಸೆ ಕಾಳನ್ನು ಅವ್ವ ಮೂಗಿಗೆ ಹಿಡಿಯುತ್ತಿದ್ದಳು. "ಇವು ಮುಗ್ಗ್ಯಾವ, ದನಕ್ಕೂ ಹಾಕಬ್ಯಾಡ್ರಿ" ಎನ್ನುವಳು, ಇಲ್ಲವೇ "ಇದು ಬರೇ ಹಗೇವಿನ ಹುಳಿ ಐತಿ, ತಿನ್ರಿ" ಎನ್ನುವಳು. ಗೌಡರ ಮಾತಿಗೆ ಎದುರಾಡುವವರಿದ್ದರು, ಅವ್ವನ ಮೂಗಿಗೆ ಎದುರಾಡುವವರು ಇರಲಿಲ್ಲ.

ಆ ಹುಳಿ ವಾಸನೆ ಹೊರಗಿನವರಿಗೆ ನಾತ. ನಮಗೋ, ಅದು ಮೂಗಿಗೆ ಬಡಿದರೆ ಹಸಿವಾಗುತ್ತಿತ್ತು. ವಾಸನೆ ಮಿದುಳಿನಲ್ಲಿ ನೆನಪು, ಆಸೆ, ಹೇಸಿಗೆ ಎಲ್ಲ ಕೂಡಿರುವ ಕಡೆಗೆ ನೆಟ್ಟಗೆ ಹೋಗುತ್ತದಂತೆ, ಅದು ಘಮವೋ ನಾತವೋ ಎಂದು ಅಲ್ಲಿ ತೀರ್ಮಾನವಾಗುತ್ತದಂತೆ. ಮೊನ್ನೆ ಮೊಮ್ಮಗಳು ಓದಿ ಹೇಳಿದಳು. ನಾನು ಓದದೆಯೇ ಕಲಿತಿದ್ದೆ, ಅದೂ ಬಲು ಕಷ್ಟಪಟ್ಟು.

ಐವತ್ತರ ದಶಕದ ಕೊನೆಗೆ ನನ್ನನ್ನು ಇಂಡಿ ತಾಲೂಕಿನ ಕಡೆ ಕೊಟ್ಟರು. ಮನೆಯ ಹಿಂದೆ ಲಿಂಬೆ ಗಿಡಗಳು. ಜೋಳವನ್ನು ಚೀಲದಲ್ಲಿ ಬೇವಿನ ಸೊಪ್ಪು ಹಾಕಿ ಇಡುತ್ತಿದ್ದರು. ಅವ್ವ ಕಟ್ಟಿ ಕಳಿಸಿದ ರೊಟ್ಟಿಯ ಬುತ್ತಿ ಬಿಚ್ಚಿದಾಗ ಅತ್ತೆ ಸೆರಗನ್ನು ಮೂಗಿಗೊತ್ತಿಕೊಂಡು, "ಏನವಾ ಇದು, ಇಂಥಾ ನಾತ!" ಎಂದರು. ನಾದಿನಿ ಅಂಗಳಕ್ಕೇ ಓಡಿದಳು. ಹೊಸ ಸೊಸೆ ನಾನು, ಮರ್ಯಾದೆಗೆ ಅಂಜಿದೆ.

"ಕೆಟ್ಟ ಕಾಳು ಕಲತಿರಬೇಕ್ರಿ. ನಾವೂ ಇಂಥಾವು ತಿನ್ನೂದಿಲ್ರಿ" ಎಂದುಬಿಟ್ಟೆ.

ಬುತ್ತಿ ಎಮ್ಮೆಯ ಮುಂದೆ ಹೋಯಿತು. ಅವರ ಜೊತೆ ನಾನೂ ನಕ್ಕೆ. ಇವತ್ತಿಗೂ ಆ ನಗು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುವರ್ಷ ಬಸುರಾದೆ, ಮೂಗು ತಿರುಗಿಬಿತ್ತು. ಲಿಂಬೆ, ಒಗ್ಗರಣೆ, ಮಲ್ಲಿಗೆ, ಗಂಡ ತಲೆಗೆ ಹಚ್ಚುತ್ತಿದ್ದ ಎಣ್ಣೆ, ಯಾವುದು ಮೂಗಿಗೆ ತಾಗಿದರೂ ವಾಂತಿ. ನಾಲ್ಕು ತಿಂಗಳಾದರೂ ಅದು ನಿಲ್ಲಲಿಲ್ಲ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೀಗೇ ಆದರೆ ಕೂಸು ಉಳಿಯುವುದು ಕಷ್ಟ ಎಂದರು ದವಾಖಾನೆಯಲ್ಲಿ.

"ಏನ ತಿನ್ನಬೇಕನಸ್ತೈತಿ, ಹೇಳವಾ" ಎಂದು ಅತ್ತೆ ದಿನಾ ಕೇಳುತ್ತಿದ್ದರು. ನನಗೆ ಗೊತ್ತಿತ್ತು. ಆದರೆ ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಎಂಟು ದಿನ ಬಾಯಿ ಬಿಗಿಹಿಡಿದೆ. ಒಂಬತ್ತನೆಯ ದಿನ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಗ ಕೂಸು ಹೋದೀತೆಂಬ ಅಂಜಿಕೆಗೆ ಸೊಕ್ಕು ಎಲ್ಲಿ ಹೋಯಿತೋ!

"ಅತ್ತೀ, ನನಗ ಹಗೇವಿನ ರೊಟ್ಟಿ ಬೇಕ್ರಿ" ಎಂದು ಅಳತೊಡಗಿದೆ. "ಅವತ್ತ ಸುಳ್ಳ ಹೇಳಿದ್ನಿರಿ. ನಮ್ಮವ್ವ ಕೆಟ್ಟ ಕಾಳಿನ ಬುತ್ತಿ ಕಟ್ಟಾಕಿ ಅಲ್ರಿ."

ಅತ್ತೆ ಬೈಯಲಿಲ್ಲ. ಮಗನನ್ನು ಕೂಗಿ, "ಈಗಿಂದೀಗ ಬಸ್ಸ ಹಿಡಿ. ಬೀಗತಿನ್ನ ಕರಕೊಂಡ ಬಾ, ಹಗೇವಿನ ಜೋಳಾನೂ ತಗೊಂಬಾ" ಎಂದರು.

ಮರುದಿನ ಅವ್ವ ಹಿಟ್ಟು ಬೀಸಿಕೊಂಡೇ ಬಂದಳು. ಒಲೆಯ ಮುಂದೆ ಕೂಡಲು ಹೋದರೆ ಅತ್ತೆ ಬಿಡಲಿಲ್ಲ. "ದಣದ ಬಂದೀರಿ, ಕುಂದರ್ರಿ ಬೀಗತಿ" ಎಂದು ಸೆರಗನ್ನು ಮೂಗಿನ ಸುತ್ತ ಬಿಗಿದು ಕಟ್ಟಿ, ತಾವೇ ರೊಟ್ಟಿ ಬಡಿಯತೊಡಗಿದರು. "ಮೂಗ ನನ್ನ ಮಾತ ಕೇಳವಲ್ದು. ಕೈ ಕೇಳತಾವ" ಎಂದರು. ಎಂಥ ಹೆಂಗಸು! ಅಂಥವರ ಸೊಸೆ ನಾನು ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ.

ಎರಡು ರೊಟ್ಟಿ ತಿಂದೆ. ಹೊಟ್ಟೆಯಲ್ಲಿ ರೊಟ್ಟಿ ಉಳಿಯಿತು, ಮುಂದೆ ನನ್ನ ಮಗಳೂ ಉಳಿದಳು.

ತಿನ್ನುತ್ತಲೇ ಅವ್ವನಿಗೆ ಆ ಬುತ್ತಿಯ ಸಂಗತಿ ಹೇಳಿಬಿಟ್ಟೆ, ನಿನ್ನ ಮೂಗಿಗೆ ಅವಮಾನ ಮಾಡಿದೆ ಎಂದು ಕಣ್ಣೀರಿಟ್ಟೆ. ಅವ್ವ ನಕ್ಕಳು.

"ಸಿಂದಗಿ ಕಡೆ ನನ್ನ ತವರಮನ್ಯಾಗ ಹಗೇವು ಎಲ್ಲಿದ್ವು? ಮದಿವ್ಯಾಗಿ ಬಂದ ಮ್ಯಾಲ ವರ್ಷಗಟ್ಲೆ ಮೂಗ ಮುಚಗೊಂಡ ರೊಟ್ಟಿ ತಿಂದೇನಿ. ನೀ ಹೊಟ್ಯಾಗ ಬಂದಿ ನೋಡು, ಆವಾಗಿಂದ ಆ ವಾಸನಿ ಸೇರಾಕ ಹತ್ತಿತು. ಈ ಮೂಗ ನಾ ನಿನಗ ಕೊಟ್ಟದ್ದಲ್ಲ, ನೀನ ನನಗ ಕೊಟ್ಟದ್ದು."