ಹಳೇ ನಿಯಮದ ಹನೀಫಾಕ

ತೊಂಬತ್ತರ ಯುದ್ಧದಲ್ಲಿ ಕುವೈಟಿನಿಂದ ಜೀವ ಉಳಿಸಿಕೊಂಡು ಬಂದವರು ಬಂಟ್ವಾಳದ ಸುತ್ತಮುತ್ತ ಹಲವರಿದ್ದರು. ಕೆಲವರು ಸೊಂಟದ ಪಟ್ಟಿಯಲ್ಲಿ ಚಿನ್ನ ತಂದರು, ಕೆಲವರು ಟೇಪ್‌ರೆಕಾರ್ಡರ್ ಹೊತ್ತು ತಂದರು, ಹೆಚ್ಚಿನವರು ಬರಿಗೈಯಲ್ಲಿ ಬಂದರು. ಹನೀಫಾ ತಂದದ್ದು ಒಂದು ಪುಸ್ತಕ. ಮರಳುಗಾಡು ದಾಟುವ ಬಸ್ಸಿನಲ್ಲಿ ಒಬ್ಬರಿಗೆ ಒಂದೇ ಚೀಲ ಎಂದಾಗ ಅವನು ಎರಡು ಪ್ಯಾಂಟು, ಒಂದು ಕಂಬಳಿ ಹೊರಗೆಸೆದು ಆ ದಪ್ಪ ಇಂಗ್ಲಿಷ್ ಪುಸ್ತಕವನ್ನು ಒಳಗೆ ತುರುಕಿದ್ದ. ರಟ್ಟಿನ ಮೇಲೆ ರೆಕ್ಕೆಯ ಮೃಗವೊಂದು ಬೆಂಕಿ ಉಗುಳುತ್ತಿತ್ತು. ಜೋರ್ಡಾನ್ ಗಡಿಯ ಡೇರೆಯಲ್ಲಿ ಹದಿನೇಳು ದಿನ ಅದನ್ನೇ ತಲೆದಿಂಬು ಮಾಡಿಕೊಂಡ.

ಮನೆಯಲ್ಲಿ ಹೆಂಡತಿ ಚೀಲ ಬಿಚ್ಚಿ ನೋಡಿ, “ಇದಾ?” ಎಂದಳು.

“ಇದೇ” ಎಂದ ಹನೀಫಾ. ಆ ಪುಸ್ತಕದ ವಿಷಯದಲ್ಲಿ ಅವನು ಯಾರಿಗೂ ಇದಕ್ಕಿಂತ ಮೆತ್ತಗಿನ ಉತ್ತರ ಕೊಟ್ಟವನಲ್ಲ.

ಅದೊಂದು ಆಟದ ನಿಯಮ ಪುಸ್ತಕ. ಕುವೈಟಿನ ಗೋದಾಮಿನಲ್ಲಿ ಜೊತೆಗೆ ದುಡಿಯುತ್ತಿದ್ದ ಫಿಲಿಪ್ಪೀನ್ಸಿನ ಗೆಳೆಯ ಕಲಿಸಿದ ಆಟ. ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬ ಯಜಮಾನನಾಗಿ ಕೂತು ಕಥೆ ಹೇಳಬೇಕು: ಎದುರಿಗೆ ಗುಹೆ, ಒಳಗೆ ಹೊಗೆ, ಏನು ಮಾಡ್ತೀರಿ? ಉಳಿದವರು ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಹೀಗೆ ಒಂದೊಂದು ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಹೇಳಬೇಕು. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆಳೆಯ ಕೊಟ್ಟ ಅಂಥದೊಂದು ದಾಳ ಹನೀಫಾನ ಜೇಬಿನಲ್ಲಿ ಬಂದಿತ್ತು. ಸೋಲು ಗೆಲುವು ಅಂತ ಇಲ್ಲ. ಕಥೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ.

ಊರಿಗೆ ಬಂದು ಹನೀಫಾ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಿದ. ಸುಟ್ಟುಹೋದ ಪಂಪುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಊರವರ ಬಾಯಲ್ಲಿ ಅವನು ಹನೀಫಾಕ, ಅಂದರೆ ಹನೀಫಣ್ಣ. ಭಾನುವಾರ ಮಧ್ಯಾಹ್ನ ಶಟರನ್ನು ಅರ್ಧ ಎಳೆದು ಆಟಕ್ಕೆ ಕೂರುತ್ತಿದ್ದ. ಮೊದಲು ಸಿಕ್ಕಿದವನು ಲೋಕಯ್ಯ, ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಐವತ್ತು ಜನರ ಬಸ್ಸಿನಲ್ಲಿ ತೊಂಬತ್ತು ಜನರನ್ನು ನಗಿಸುತ್ತಲೇ ಒಳಗೆ ನೂಕುವ ಮಾತುಗಾರ. ಆಮೇಲೆ ಬಂದವರು ಕುಸುಮ ಟೀಚರ್, ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮನೆಯ ಪಂಪು ರಿಪೇರಿಗೆ ತಂದವರು ಪುಸ್ತಕದ ಕೋಷ್ಟಕಗಳನ್ನು ಕಂಡು ಅಲ್ಲೇ ಕೂತುಬಿಟ್ಟರು.

ಆ ಕೋಷ್ಟಕಗಳಲ್ಲೊಂದು ವಿಚಿತ್ರವಿತ್ತು. ಕವಚ ಗಟ್ಟಿಯಾದಷ್ಟೂ ಅದರ ಸಂಖ್ಯೆ ಕಡಿಮೆಯಾಗುತ್ತ ಹೋಗಿ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ಏಟು ತಾಗಿತೇ ಎಂದು ತಿಳಿಯಲು ಪ್ರತಿಸಲ ಕಳೆಯುವ ಲೆಕ್ಕ ಮಾಡಬೇಕು. ಲೋಕಯ್ಯ ತಲೆ ಕೆರೆದುಕೊಂಡ. ಟೀಚರಿಗೆ ಅದೇ ಇಷ್ಟವಾಯಿತು.

ದಾಳದ ಸುದ್ದಿ ಊರಲ್ಲಿ ಹಬ್ಬಿ, ಒಂದು ದಿನ ಹಿರಿಯರಾದ ಇಬ್ರಾಹಿಂ ಹಾಜಿ ಅಂಗಡಿಗೆ ಬಂದರು.

“ಹನೀಫಾ, ದಾಳ ಉರುಳಿಸ್ತೀಯಂತೆ?”

“ಹಣ ಇಟ್ಟು ಅಲ್ಲ ಹಾಜಿಯವರೇ. ಕಥೆ ಹೇಳಲಿಕ್ಕೆ.”

“ಹಣ ಇಲ್ಲದಿದ್ದರೂ ದಾಳ ದಾಳವೇ. ನಮ್ಮ ಧರ್ಮದಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ.”

ಮರುದಿನ ಹನೀಫಾ ಒಂದೇ ಅಳತೆಯ ಇಪ್ಪತ್ತು ಹಿತ್ತಾಳೆಯ ನಟ್ಟುಗಳನ್ನು ಆರಿಸಿ, ಒಂದರಿಂದ ಇಪ್ಪತ್ತರವರೆಗೆ ಪಂಚಿನಲ್ಲಿ ಅಂಕೆ ಹೊಡೆದು, ಹಾಲಿನ ಪುಡಿಯ ಡಬ್ಬಿಗೆ ಹಾಕಿದ. ಕಣ್ಣುಮುಚ್ಚಿ ತೆಗೆದ ನಟ್ಟನ್ನು ಪ್ರತಿಸಲ ವಾಪಸು ಹಾಕಿದರೆ ದಾಳಕ್ಕೂ ಇದಕ್ಕೂ ವ್ಯತ್ಯಾಸವಿಲ್ಲವೆಂದು ಟೀಚರ್ ಲೆಕ್ಕ ಮಾಡಿ ತೋರಿಸಿದರು. ಮುಂದಿನ ಶುಕ್ರವಾರ ಮಸೀದಿಯ ಮೆಟ್ಟಿಲಲ್ಲಿ ಹನೀಫಾ ತಾನಾಗಿಯೇ ಹಾಜಿಯವರ ಹತ್ತಿರ ಹೋಗಿ ಹೇಳಿದ: “ದಾಳ ಬಿಟ್ಟೆ. ಆಟ ಬಿಡುವುದಿಲ್ಲ.” ಹಾಜಿಯವರು ಚಪ್ಪಲಿ ಮೆಟ್ಟಿ ಹೋದರು. ಆಮೇಲೆ ತಮ್ಮ ತೋಟದ ಪಂಪನ್ನು ಬೇರೆ ಅಂಗಡಿಗೆ ಕಳಿಸತೊಡಗಿದರು. ಹನೀಫಾ ಅದನ್ನೂ ನುಂಗಿಕೊಂಡ.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಮಗಳು ಶಮ್ನಾ ಮೂಡುಬಿದಿರೆಯಲ್ಲಿ ಡಿಗ್ರಿ ಕಾಲೇಜು ಸೇರಿದಳು. ಎರಡು ಸಾವಿರದ ನಾಲ್ಕರಲ್ಲಿ ಒಂದು ರಜೆಗೆ ಬಂದವಳು ಅಪ್ಪನ ಮುಂದೆ ಕಾಗದದ ಕಟ್ಟೊಂದನ್ನು ಇಟ್ಟಳು. ಅದೇ ಆಟ, ಹೊಸ ಆವೃತ್ತಿ. ಸಹಪಾಠಿಯೊಬ್ಬನ ಪುಸ್ತಕದಿಂದ ಜೆರಾಕ್ಸ್ ಮಾಡಿಸಿದ್ದು.

“ಬಾಪ, ನಿಮ್ಮದು ಹಳತಾಯ್ತು. ಕಂಪೆನಿಯವರು ಹೊಸದು ತಂದು ನಾಲ್ಕು ವರ್ಷ ಆಯ್ತಂತೆ. ಇದರಲ್ಲಿ ಕಳೆಯುವುದೇ ಇಲ್ಲ, ಬರೀ ಕೂಡಿಸುವುದು.”

“ಕಳೆಯುವುದು ಕಷ್ಟ ಅಂತ ತೆಗೆದೇಬಿಟ್ಟರಾ?”

“ಸುಲಭ ಆಗಲಿ ಅಂತ.”

“ಕಾಯಿಲು ಸುತ್ತುವುದೂ ಕಷ್ಟವೇ. ಸುತ್ತದೆ ಬಿಟ್ಟರೆ ಪಂಪಿನಲ್ಲಿ ನೀರು ಬರ್ತದಾ?”

“ಹಳೆ ಪುಸ್ತಕ ಅವರು ಇನ್ನು ಅಚ್ಚು ಹಾಕುವುದಿಲ್ಲ ಬಾಪ. ಅದು ಮುಗಿಯಿತು.”

“ಮುಗಿಯಿತು ಅನ್ನಲಿಕ್ಕೆ ಅವರು ಯಾರು? ನನ್ನ ಪುಸ್ತಕದ ಅಕ್ಷರ ಅಳಿಸಿಹೋಯ್ತಾ? ಹೊಸ ಬಸ್ಸು ಬಂತು ಅಂತ ನಮ್ಮ ರಸ್ತೆಯನ್ನು ಯಾರಾದರೂ ಸುರುಟಿ ಇಡ್ತಾರಾ?”

ಆದರೆ ಓದದೆ ಬೈಯುವವನಲ್ಲ ಹನೀಫಾ. ಜೆರಾಕ್ಸನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಿದ. ಓದಿದಷ್ಟೂ ಸಿಟ್ಟು ಬಂತು. ಹಗ್ಗ ಹತ್ತಲು ಒಂದು ನಿಯಮ, ಹೆಜ್ಜೆಗುರುತು ಹುಡುಕಲು ಒಂದು, ಒಬ್ಬನ ಮನವೊಲಿಸಲು ಮತ್ತೊಂದು! ಹಳೆಯದರಲ್ಲಿ ಅಂಥ ಜಾಗಗಳನ್ನು ಖಾಲಿ ಬಿಟ್ಟಿದ್ದರು. ಆ ಖಾಲಿಯನ್ನು ಮಾತಾಡಿ, ಯೋಚಿಸಿ, ಜಗಳಾಡಿ ತುಂಬಿಸಬೇಕಿತ್ತು. ಅವನ ಪ್ರಕಾರ ಆಟವೆಂದರೆ ಆ ಖಾಲಿಯೇ.

“ಮಾತಾಡ್ಲಿಕ್ಕೂ ನಟ್ಟು ತೆಗೆಯಬೇಕಾ?” ಎಂದು ಅಂಗಡಿಗೆ ಬಂದವರನ್ನೆಲ್ಲ ಕೇಳತೊಡಗಿದ. ಪಂಪು ತಂದವರು ತಲೆಯಾಡಿಸಿ ಜಾಗ ಖಾಲಿ ಮಾಡುತ್ತಿದ್ದರು.

ಮರುವರ್ಷ ಕಾಲೇಜಿನ ಹಬ್ಬದಲ್ಲಿ ಶಮ್ನಾ ಒಂದು ತರಗತಿ ಕೋಣೆ ಹಿಡಿದು ಆಟ ಇಟ್ಟಳು. ಯಜಮಾನಿಕೆ ಅವಳದೇ. ಅಪ್ಪನನ್ನೂ ಲೋಕಯ್ಯನನ್ನೂ ಕರೆದಳು. ತಪ್ಪು ತೋರಿಸಿಯೇ ಬರುವ ಎಂದು ಹನೀಫಾ ಹೊರಟ. ಮಗಳ ಮೇಜಿನ ಮೇಲೆ ದಾಳವಿರಲಿಲ್ಲ. ಅಂಕೆ ಹೊಡೆದ ನಟ್ಟುಗಳ ಡಬ್ಬಿ ಇತ್ತು. ಅದನ್ನು ನೋಡಿಯೂ ನೋಡದವನಂತೆ ಕೂತ.

ಲೋಕಯ್ಯನಿಗೆ ಸಿಕ್ಕಿದ್ದು ಒಬ್ಬ ಒರಟು ಕಳ್ಳನ ಪಾತ್ರ. ಸೇತುವೆಯ ಮೇಲೆ ಕಾವಲುಗಾರ ತಡೆದ. ಲೋಕಯ್ಯ ಎದ್ದು ನಿಂತು ಶುರುಮಾಡಿದ: ಕಾವಲುಗಾರನ ಮನೆಯವರ ಸೌಖ್ಯ ವಿಚಾರಿಸಿದ, ಬಿಸಿಲಲ್ಲಿ ನಿಲ್ಲಿಸಿದ ರಾಜನಿಗೆ ಬೈದ, ತನ್ನಂಥವನನ್ನು ಬಿಟ್ಟರೆ ಸೇತುವೆಯ ಭಾರ ಕಡಿಮೆಯಾಗುತ್ತದೆಂದು ಸಾಧಿಸಿದ. ಕೋಣೆಯ ತುಂಬ ನಗು, ಚಪ್ಪಾಳೆ. ಶಮ್ನಾಳೂ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಡಬ್ಬಿ ಮುಂದೆ ತಳ್ಳಿದಳು. “ನಟ್ಟು ತೆಗೆಯಿರಿ.”

ಬಂದದ್ದು ನಾಲ್ಕು. ಒರಟು ಕಳ್ಳನಿಗೆ ಹದಿನೈದಾದರೂ ಬೇಕಿತ್ತು.

“ಕಾವಲುಗಾರ ಒಪ್ಪಲಿಲ್ಲ” ಎಂದಳು.

“ಎಂಥ ಒಪ್ಪಲಿಲ್ಲ? ನೀನೇ ನಗಾಡಿದೆಯಲ್ಲ ಮಾರಾಯ್ತಿ!”

“ನಾನು ನಕ್ಕೆ ಲೋಕಯ್ಯಣ್ಣ. ಕಾವಲುಗಾರ ನಗಲಿಲ್ಲ.”

ಹನೀಫಾ ತಡೆಯಲಾರದೆ ಎದ್ದ. “ಇದು ಆಟವಾ? ಇಷ್ಟು ಚಂದ ಮಾತಾಡಿದವನ ಬಾಯಿ ಮುಚ್ಚಿಸಲಿಕ್ಕೆ ಒಂದು ನಟ್ಟು ಸಾಕಾ? ಹಾಗಾದರೆ ಮನುಷ್ಯರು ಯಾಕೆ ಬೇಕು ಇಲ್ಲಿ?”

ಶಮ್ನಾ ಪಕ್ಕದ ಹುಡುಗಿಯನ್ನು ತೋರಿಸಿದಳು. “ಬಾಪ, ಇವಳು ಸಾತ್ವಿಕಾ, ನಾರಾವಿಯವಳು. ನಾಲ್ಕು ಜನರ ಎದುರು ಬಾಯಿ ಬಿಡಲಿಕ್ಕೆ ಹೆದರ್ತಾಳೆ. ಇವಳಿಗೆ ರಾಣಿಯ ದೂತಿಯಾಗುವ ಆಸೆ ಉಂಟು. ನಿಮ್ಮ ಮೇಜಿನಲ್ಲಿ ಆಗ್ತದಾ? ಮಾತು ಬರುವವರು ಮಾತ್ರ ಗೆಲ್ಲುವುದು ಅಲ್ಲಿ. ನನ್ನ ಮೇಜಿನಲ್ಲಿ ಇವಳೂ ಗೆಲ್ತಾಳೆ.”

“ಹೆದರಿಕೆ ಹೋಗುವುದು ಮಾತಾಡಿಯೇ.”

“ಇರಬಹುದು. ಆದರೆ ಇದು ನನ್ನ ಮೇಜು. ಯಜಮಾನ ಹೇಳಿದ್ದೇ ಕೊನೆಯ ಮಾತು ಅಂತ ನಿಮ್ಮ ಪುಸ್ತಕದಲ್ಲೂ ಉಂಟಲ್ಲ? ಕೂತುಕೊಳ್ಳಿ.”

ಉಂಟು. ಅವನೇ ನೂರು ಸಲ ಲೋಕಯ್ಯನಿಗೆ ಓದಿ ಹೇಳಿದ ಸಾಲು. ಹನೀಫಾ ಕೂತ. ಮುಖ ಬಿಸಿಯಾಗಿತ್ತು. ಆದರೂ ಎದ್ದು ಹೋಗಲಿಲ್ಲ. ಮೂರು ಗಂಟೆ ಹೊತ್ತು ಹೊಸ ನಿಯಮದಂತೆಯೇ ಆಡಿದ. ಸಾತ್ವಿಕಾ ನಡುಗುವ ದನಿಯಲ್ಲಿ ಒಂದೇ ವಾಕ್ಯ ಹೇಳಿ, ಹದಿನೆಂಟರ ನಟ್ಟು ತೆಗೆದು, ಸೈನ್ಯವೊಂದನ್ನು ವಾಪಸು ಕಳಿಸಿದ್ದನ್ನೂ ನೋಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ಲೋಕಯ್ಯ ಕೆಣಕಿದ. “ಮಗಳು ನಿಮ್ಮನ್ನೇ ಕೂರಿಸಿಬಿಟ್ಟಳಲ್ಲ ಹನೀಫಾಕ!”

“ಕೂರಿಸಿದ್ದು ಸರಿ. ನಿಯಮ ಮಾತ್ರ ತಪ್ಪು.”

“ಆ ಹುಡುಗಿ?”

“ಅವಳ ಮಟ್ಟಿಗೆ ಶಮ್ನಾ ಹೇಳಿದ್ದರಲ್ಲಿ ಏನೋ ಉಂಟು. ಆದರೆ ನಾನು ಬದಲಾಯಿಸುವುದಿಲ್ಲ” ಎಂದ ಹನೀಫಾ.

ಶಮ್ನಾ ಓದು ಮುಗಿಸಿ ಮೂಡುಬಿದಿರೆಯಲ್ಲೇ ಪಾಠ ಹೇಳತೊಡಗಿದಳು. ಎರಡು ಸಾವಿರದ ಎಂಟರ ಒಂದು ಭಾನುವಾರ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಅಂಗಡಿಯೊಳಗೆ ಬಂದಳು. ಕಂಕುಳಲ್ಲಿ ಅದೇ ಜೆರಾಕ್ಸ್ ಕಟ್ಟು. ಮುಖ ಕೆಂಪಾಗಿತ್ತು.

“ಮತ್ತೊಂದು ಆವೃತ್ತಿ ಬಂತಂತೆ. ನಮ್ಮ ಗುಂಪಿನವರೆಲ್ಲ ಅದಕ್ಕೆ ಹೋದರು. ನನ್ನದು ಹಳತಂತೆ, ಮುಗಿಯಿತಂತೆ. ಮುಗಿಯಿತು ಅನ್ನಲಿಕ್ಕೆ ಅವರು ಯಾರು?”

ಲೋಕಯ್ಯ ಜೋರಾಗಿ ನಕ್ಕ. ಹನೀಫಾನಿಗೂ ನಗು ಬಂತು. ಮೀಸೆಯಡಿ ತಡೆದು, “ಹಾಗಾದರೆ ನನ್ನ ಮೇಜಿಗೆ ಬಾ” ಎಂದ.

“ಬರುವುದಿಲ್ಲ. ಆ ಕಳೆಯುವ ಲೆಕ್ಕ ನನಗೆ ಬೇಡ. ಅವರದಕ್ಕೂ ಹೋಗುವುದಿಲ್ಲ.”

ಹನೀಫಾ ಎದ್ದು, ಒಳಗಿನ ಮೇಜಿನ ಮೇಲಿದ್ದ ಮೋಟಾರುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಎಣ್ಣೆಯ ಕಲೆ ಒರೆಸಿ ಆ ಮೇಜನ್ನು ಮಗಳಿಗೆ ಕೊಟ್ಟ.

ಅಲ್ಲಿಂದ ಒಂದೇ ಅಂಗಡಿಯಲ್ಲಿ ಎರಡು ಆಟ. ಆಚೆ ಮೇಜಿಗೆ ಸಾತ್ವಿಕಾ ಬಂದಳು, ಅವಳ ಜೊತೆ ಇನ್ನಿಬ್ಬರು. ಹನೀಫಾ ಎಣಿಸದೇ ಇದ್ದದ್ದೆಂದರೆ ಕುಸುಮ ಟೀಚರೂ ಅತ್ತ ಹೋದದ್ದು. “ವಾರಕ್ಕೆ ಆರು ದಿನ ಮಕ್ಕಳ ಜೊತೆ ಕಳೆಯುವ ಲೆಕ್ಕವೇ ಹನೀಫಾಕ. ಭಾನುವಾರ ನಾನು ಕೂಡಿಸ್ತೇನೆ” ಎಂದರು. ಎರಡು ಭಾನುವಾರ ಅವನು ಅವರ ಜೊತೆ ಮಾತಾಡಲಿಲ್ಲ.

ಮೂರನೆಯ ಭಾನುವಾರ ಎದುರು ಸೈಕಲ್ ಅಂಗಡಿಯ ಮುಂಡಪ್ಪನನ್ನು ಕೈಹಿಡಿದು ಕರೆತಂದ.

“ನೋಡಿ ಮುಂಡಪ್ಪಣ್ಣ, ಇದು ಹಳೆ ನಿಯಮ. ಲೆಕ್ಕ ಕಷ್ಟ. ಬೇಗ ಸಾಯ್ತೀರಿ. ಸತ್ತರೆ ಸತ್ತಿರಿ, ಎಬ್ಬಿಸುವವರು ಇಲ್ಲ. ಒಪ್ಪಿಗೆ ಇದ್ದರೆ ಕೂತುಕೊಳ್ಳಿ.”

ಮುಂಡಪ್ಪ ಆಚೆ ಮೇಜಿನ ಗದ್ದಲವನ್ನೊಮ್ಮೆ, ಹರಿದ ರಟ್ಟಿನ ಪುಸ್ತಕವನ್ನೊಮ್ಮೆ ನೋಡಿ ಕೂತ. ಕಾಲು ಗಂಟೆಯೊಳಗೆ ಕಥೆಯ ಬಾವಿಗೆ ಬಿದ್ದು ಸತ್ತ. ಮುಂದಿನ ಭಾನುವಾರ ಶಟರ್ ಎಳೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ.